ಯಾರ್ಕ್‌ಶೈರಿನ ಜಮೀನುದಾರನಿಗೆ ಸಂಬಳ ಕೊಡಬೇಡಿ

ಪ್ರಶ್ನೆ: ನಾನು ಶಿವಮೊಗ್ಗದವಳು. ಬ್ಯಾಂಕ್ ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ಕಾದಂಬರಿ ಬರೆಯುತ್ತಿದ್ದೇನೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕು, 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ ಇಂಗ್ಲಿಷ್ ತರುಣನೊಬ್ಬನ ಕಥೆ. ಅರ್ಧ ಕಥೆ ಇಲ್ಲಿ ನಡೆಯುತ್ತದೆ. ಉಳಿದರ್ಧ ಅವನ ಅಪ್ಪನದು. ಅಪ್ಪ ಯಾರ್ಕ್‌ಶೈರಿನ ಜಮೀನುದಾರ. ವರ್ಷಕ್ಕೆ 1,500 ಪೌಂಡ್ ಆದಾಯ. ಇಡೀ ಯಾರ್ಕ್‌ಶೈರಿಗೆ ಸಂಸತ್ ಸದಸ್ಯ. ಚಾಟಿ ಬೀಸಿ ರೈತರಿಂದ ಕಂದಾಯ ವಸೂಲಿ ಮಾಡುತ್ತಾನೆ. ಹೆಂಡ ಹಂಚಿ ಗೆಲ್ಲುತ್ತಾನೆ. ಸಂಸತ್ತಿನ ಸಂಬಳದಲ್ಲಿ ಮಹಲು ಕಟ್ಟಿಸುತ್ತಾನೆ. ಪಕ್ಷ ಹೇಳಿದಂತೆ ಮತ ಹಾಕಿ, ಭಾನುವಾರಕ್ಕೆ ಊರಿಗೆ ಬಂದು ಹೋಗುತ್ತಾನೆ. ಇತಿಹಾಸ ಓದಿದ ಗೆಳತಿಯೊಬ್ಬಳು ಇದನ್ನು ಓದಿ, "ಇವನು ನಮ್ಮ ಸಿನಿಮಾದ ಜಮೀನ್ದಾರ, ಇಂಗ್ಲೆಂಡಿನವನಲ್ಲ" ಅಂದಳು. ಬರೆದದ್ದೆಲ್ಲ ಎಸೆಯಬೇಕೇ? ಇವನನ್ನು ಸಂಸತ್ತಿಗೆ ಕಳಿಸುವ ನಂಬುವಂಥ ದಾರಿ ಯಾವುದು? ಅವನ ಹೆಂಡತಿಗೆ ಈ ರಾಜಕೀಯದಲ್ಲಿ ಏನಾದರೂ ಕೆಲಸ ಇರಬಹುದೇ?

ಉತ್ತರ: ಎಸೆಯಬೇಡಿ, ಮೇಡಂ. ನೀವು ಹಿಡಿದಿರುವ ವರ್ಷಗಳು ಬಹಳ ಒಳ್ಳೆಯವು. 1780ರಲ್ಲಿ ಯಾರ್ಕ್‌ಶೈರಿನ ಜಮೀನುದಾರರು ಸುಮ್ಮನೆ ಕೂತಿರಲಿಲ್ಲ. ಆ ವರ್ಷ ಇಡೀ ಇಂಗ್ಲೆಂಡಿನ ರಾಜಕೀಯವನ್ನು ಅಲ್ಲಾಡಿಸಿದವರು ಅವರೇ. ಆದರೆ ನಿಮ್ಮ ಗೆಳತಿ ಹೇಳಿದ್ದರಲ್ಲೂ ಸತ್ಯವಿದೆ. ಕಾಲೇಜಿನಲ್ಲಿ ಬ್ರಿಟನ್ ಇತಿಹಾಸ ಪಾಠ ಮಾಡುವಾಗ ಪ್ರತಿ ವರ್ಷದ ವಿದ್ಯಾರ್ಥಿಗಳಲ್ಲೂ ನಾನು ಕಂಡದ್ದು ಇದೇ ಚಿತ್ರ: ಇಂದಿನ ಶಾಸಕರನ್ನೂ ಹಳೆಯ ಬಂಗಾಳದ ಜಮೀನ್ದಾರನನ್ನೂ ಕಲಸಿ, ಮೇಲೆ ಒಂದು ಬಿಳಿ ವಿಗ್ ಇಟ್ಟದ್ದು. ಅದನ್ನು ಬಿಡಿಸುವುದು ಕಷ್ಟವಲ್ಲ.

ಮೊದಲು ಸಂಬಳ ತೆಗೆದುಹಾಕಿ. ಬ್ರಿಟನ್ನಿನ ಸಂಸತ್ ಸದಸ್ಯರಿಗೆ ಸಂಬಳ ಶುರುವಾದದ್ದು 1911ರಲ್ಲಿ. ಹದಿನೆಂಟನೇ ಶತಮಾನದಲ್ಲಿ ಅದು ಕೈಯಿಂದ ಹಣ ಹಾಕುವ ಕೆಲಸ. ಆಸ್ತಿ ಇಲ್ಲದವನು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಬರುವಂತೆಯೇ ಇರಲಿಲ್ಲ. ರಾಣಿ ಆ್ಯನ್ ಕಾಲದ ಕಾನೂನಿನ ಪ್ರಕಾರ ಕೌಂಟಿಯ, ಅಂದರೆ ಜಿಲ್ಲೆಯ ಸದಸ್ಯನಾಗಲು ವರ್ಷಕ್ಕೆ 600 ಪೌಂಡ್ ಆದಾಯದ ಭೂಮಿ ಬೇಕು. ಪಟ್ಟಣದ ಕ್ಷೇತ್ರವಾದರೆ 300 ಪೌಂಡ್. ಪಟ್ಟಣದ ಕ್ಷೇತ್ರಕ್ಕೆ ಬರೋ ಎನ್ನುತ್ತಿದ್ದರು. ಕಾನೂನಿನ ಲೆಕ್ಕದಲ್ಲಿ ನಿಮ್ಮ ನಾಯಕ ಪಾಸಾಗುತ್ತಾನೆ. ವ್ಯವಹಾರದ ಲೆಕ್ಕದಲ್ಲಿ ಆಗುವುದಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ಭಾನುವಾರದ ಪ್ರಯಾಣವನ್ನೂ ಬಿಡಿ. ಆ ಶತಮಾನದ ಮೊದಲ ಭಾಗದಲ್ಲಿ ಯಾರ್ಕ್‌ನಿಂದ ಲಂಡನ್ನಿಗೆ ಕುದುರೆ ಗಾಡಿಯಲ್ಲಿ ನಾಲ್ಕು ದಿನ ಹಿಡಿಯುತ್ತಿತ್ತು. 1780ರ ಹೊತ್ತಿಗೆ ರಸ್ತೆ ಸುಧಾರಿಸಿದ್ದರೂ ವಾರಕ್ಕೊಮ್ಮೆ ಬಂದು ಹೋಗುವ ಮಾತಲ್ಲ. ಅಧಿವೇಶನ ಸಾಮಾನ್ಯವಾಗಿ ಚಳಿಗಾಲದ ಆರಂಭದಿಂದ ಬೇಸಿಗೆಯ ಆರಂಭದವರೆಗೆ. ಉಳಿದ ತಿಂಗಳು ಊರಲ್ಲಿ. ಅನೇಕ ಹಳ್ಳಿ ಜಮೀನುದಾರರು ಅಧಿವೇಶನ ಮುಗಿಯುವ ಮುಂಚೆಯೇ ಲಂಡನ್ ಬಿಟ್ಟು ಹೊರಡುತ್ತಿದ್ದರು. ಮಂತ್ರಿಗಳು ಕೆಲವು ಮಸೂದೆಗಳನ್ನು ಅವರು ಹೊರಟ ಮೇಲೆ ತರುತ್ತಿದ್ದದ್ದೂ ಉಂಟು.

ಇನ್ನು ಚಾಟಿ ಮತ್ತು ಕಂದಾಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ಪಾತ್ರದ ಜೀವ ಇರುವುದು ಇಲ್ಲೇ.

ಬಂಗಾಳದ ಜಮೀನ್ದಾರ ಸರ್ಕಾರದ ಪರವಾಗಿ ಕಂದಾಯ ಎತ್ತುವವನು. ಇಂಗ್ಲೆಂಡಿನ ಜಮೀನುದಾರ ಹಾಗಲ್ಲ. ಭೂಮಿ ಅವನದೇ, ತೆರಿಗೆ ಕಟ್ಟಬೇಕಾದವನೂ ಅವನೇ. ಅವನ ಕೆಳಗೆ ಗೇಣಿದಾರ. ಗೇಣಿದಾರ ನೂರಾರು ಎಕರೆ ಮಾಡುವ, ಸ್ವಂತ ಕುದುರೆ ದನ ಇರುವ ಗಟ್ಟಿ ಕುಳವಾಗಿರಬಹುದು. ಅವನ ಕೆಳಗೆ ಕೂಲಿಯಾಳು. ವರ್ಷಕ್ಕೆ ಎರಡು ಸಲ ಗೇಣಿ ಕೊಡುವ ದಿನ. ಆ ದಿನ ಜಮೀನುದಾರನ ಪಾರುಪತ್ಯಗಾರ ಮೇಜು ಹಾಕಿಕೊಂಡು ಲೆಕ್ಕ ಬರೆಯುತ್ತಾನೆ, ಗೇಣಿ ಕೊಟ್ಟವರಿಗೆ ಊಟ ಹಾಕಿಸುತ್ತಾರೆ. ಅಲ್ಲಿ ಚಾಟಿ ಬೀಸಿದರೆ ಒಳ್ಳೆಯ ಗೇಣಿದಾರ ಪಕ್ಕದ ಎಸ್ಟೇಟಿಗೆ ಹೋಗುತ್ತಾನೆ, ಭೂಮಿ ಬೀಳು ಬೀಳುತ್ತದೆ.

ಹಾಗಂತ ಈ ಜಮೀನುದಾರರು ಮೆದು ಮನಸ್ಸಿನವರು ಅಂತಲ್ಲ. ಅವರ ಕಠೋರತೆ ಕಾಗದದ ಮೇಲೆ, ಕಾನೂನಿನ ರೂಪದಲ್ಲಿ ನಡೆಯುತ್ತಿತ್ತು. ಊರಿನ ನ್ಯಾಯಾಧಿಕಾರಿ ಸ್ಥಾನದಲ್ಲಿ ಕೂರುತ್ತಿದ್ದವರು ಇವರೇ. ಅದಕ್ಕೂ ಸಂಬಳವಿಲ್ಲ, ವರ್ಷಕ್ಕೆ 100 ಪೌಂಡ್ ಆದಾಯದ ಭೂಮಿ ಇದ್ದರೆ ಸಾಕು. ಚಿಲ್ಲರೆ ಕಳ್ಳತನಕ್ಕೆ, ಅಲೆಮಾರಿತನಕ್ಕೆ ಚಾಟಿ ಏಟಿನ ಶಿಕ್ಷೆ ಬರೆಯುತ್ತಿದ್ದದ್ದು ಈ ಪೀಠ. 1671ರ ಬೇಟೆ ಕಾನೂನಿನಿಂದಾಗಿ ಮೊಲ, ಕವುಜುಗ ಹೊಡೆಯುವ ಹಕ್ಕು ದೊಡ್ಡ ಹಿಡುವಳಿದಾರರಿಗೆ ಮಾತ್ರ. ಕೂಲಿಯವನು ತನ್ನ ಹಿತ್ತಲಿಗೆ ಬಂದ ಮೊಲ ಹಿಡಿದರೂ ಅಪರಾಧ. 1723ರ ಬ್ಲ್ಯಾಕ್ ಆ್ಯಕ್ಟ್ ಅಂತೂ ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಕದಿಯುವಂಥ ಹತ್ತಾರು ಕೃತ್ಯಗಳಿಗೆ ಗಲ್ಲು ವಿಧಿಸಿತು.

ಎಲ್ಲಕ್ಕಿಂತ ದೊಡ್ಡದು ಗೋಮಾಳದ ವಿಷಯ. ಊರಿನ ಎಲ್ಲರೂ ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ನೆಲಕ್ಕೆ ಬೇಲಿ ಹಾಕಿ ಹಂಚಿಕೊಳ್ಳಲು ಒಂದೊಂದು ಊರಿಗೂ ಸಂಸತ್ತಿನಲ್ಲಿ ಪ್ರತ್ಯೇಕ ಕಾನೂನು ಮಾಡುತ್ತಿದ್ದರು. 1750ರಿಂದ ಮುಂದಿನ ನೂರು ವರ್ಷಗಳಲ್ಲಿ ಇಂಥ ಸಾವಿರಾರು ಕಾನೂನುಗಳು ಬಂದವು. ಮಸೂದೆಯನ್ನು ಪರಿಶೀಲಿಸುವ ಸಮಿತಿಯಲ್ಲಿ ಆ ಭಾಗದ ಸದಸ್ಯರೇ ಇರುತ್ತಿದ್ದರು. ದೊಡ್ಡ ಹಿಡುವಳಿದಾರನಿಗೆ ದೊಡ್ಡ ತುಂಡು. ಗುಡಿಸಲಿನವನಿಗೆ ಇದ್ದ ಒಂದು ಹಸುವನ್ನು ಕಟ್ಟಲು ಜಾಗವಿಲ್ಲ. ನಿಮ್ಮ ನಾಯಕ ಕೆಟ್ಟವನಾಗಲೇಬೇಕು ಅಂತಿದ್ದರೆ ಚಾಟಿಯ ದೃಶ್ಯದ ಬದಲು ಈ ಸಮಿತಿಯ ದೃಶ್ಯ ಬರೆಯಿರಿ. ಅಲ್ಲಿ ಯಾರೂ ಧ್ವನಿ ಏರಿಸುವುದಿಲ್ಲ. ಒಂದು ಊರು ಬಡವಾಗುತ್ತದೆ.

ಜಮೀನ್ದಾರಿಗೂ ಇಂಗ್ಲೆಂಡಿಗೂ ನಿಜವಾದ ನಂಟು ಒಂದಿದೆ, ಅದು ನಿಮ್ಮ ಕಾದಂಬರಿಗೆ ಉಪಯೋಗಕ್ಕೆ ಬಂದೀತು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಕೂಡ ಇಂಥ ಭೂಮಿವಂತ ಮನೆತನದವನೇ. 1760ರಲ್ಲಿ, ತಂದೆಯ ಪದವಿ ಸಿಗುವ ಮುಂಚೆ, ಸಫೋಕ್‌ನ ಐ ಎಂಬ ಪುಟ್ಟ ಬರೋದಿಂದ ಕಾಮನ್ಸ್ ಸಭೆಗೆ ಬಂದವನು. ಅವನು 1793ರಲ್ಲಿ ಬಂಗಾಳದ ಕಂದಾಯ ಗುತ್ತಿಗೆದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿದಾಗ ಅವನ ಕಣ್ಣ ಮುಂದಿದ್ದದ್ದು ತನ್ನ ಊರಿನ ಜಮೀನುದಾರ. ಅಂದರೆ ನಿಮ್ಮ ತಲೆಯಲ್ಲಿ ಎರಡು ಚಿತ್ರ ಕಲಸಿಹೋದದ್ದಕ್ಕೆ ಕಾರಣ ಇಲ್ಲದಿಲ್ಲ.

ಪಕ್ಷದ ಆಜ್ಞೆ ಎಂಬುದೂ ಇಂದಿನ ಮಾತು. ವಿಗ್, ಟೋರಿ ಎಂಬ ಎರಡು ರಾಜಕೀಯ ಗುಂಪುಗಳ ಹೆಸರುಗಳಿದ್ದವು, ಆದರೆ ಪ್ರಣಾಳಿಕೆ ಇಲ್ಲ, ಟಿಕೆಟ್ ಇಲ್ಲ, ಪಕ್ಷಾಂತರ ಕಾಯ್ದೆ ಇಲ್ಲ. ಯಾರ ಹಂಗೂ ಇಲ್ಲದವನು ಎನಿಸಿಕೊಳ್ಳುವುದೇ ಹಳ್ಳಿ ಜಮೀನುದಾರನಿಗೆ ದೊಡ್ಡ ಮರ್ಯಾದೆ. ರಾಜನ ಸರ್ಕಾರವನ್ನು ಸಾಧ್ಯವಾದಷ್ಟು ಬೆಂಬಲಿಸುವುದು, ತೆರಿಗೆ ಜಾಸ್ತಿಯಾದಾಗ ತಿರುಗಿಬೀಳುವುದು ಅವನ ಪದ್ಧತಿ. 1767ರಲ್ಲಿ ಹೀಗೇ ಆಯಿತು. ಭೂತೆರಿಗೆ ಪೌಂಡಿಗೆ 4 ಶಿಲಿಂಗ್ ಇರಲಿ ಎಂದು ಸರ್ಕಾರ ಕೇಳಿತು. ಜಮೀನುದಾರರು ವಿರೋಧ ಪಕ್ಷದವರ ಜೊತೆ ಸೇರಿ ಅದನ್ನು 3ಕ್ಕೆ ಇಳಿಸಿದರು. ಖಜಾನೆಗೆ ಸುಮಾರು 5 ಲಕ್ಷ ಪೌಂಡ್ ಖೋತಾ. ಅದೇ ವರ್ಷ ಅಮೆರಿಕದ ವಸಾಹತುಗಳಲ್ಲಿ ಚಹಾ, ಗಾಜು, ಕಾಗದದ ಮೇಲೆ ಸುಂಕ ಬಂತು. ಅದು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದು ಗೊತ್ತೇ ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇವನು ಸಂಸತ್ತಿಗೆ ಬರುವುದು ಹೇಗೆ?

ಇಡೀ ಯಾರ್ಕ್‌ಶೈರಿಗೆ ಸದಸ್ಯನಾಗುವುದನ್ನು ಮರೆತುಬಿಡಿ. ಅದು ಇಂಗ್ಲೆಂಡಿನ ಅತಿ ದೊಡ್ಡ ಕೌಂಟಿ. ವರ್ಷಕ್ಕೆ 40 ಶಿಲಿಂಗ್, ಅಂದರೆ 2 ಪೌಂಡ್ ಬೆಲೆಯ ಸ್ವಂತ ನೆಲವಿದ್ದ ಪ್ರತಿ ಗಂಡಸಿಗೂ ಮತ. ಅಂಥವರು ಸುಮಾರು 20,000 ಜನ. ಎಲ್ಲರೂ ಯಾರ್ಕ್ ನಗರಕ್ಕೇ ಬಂದು ಮತ ಹಾಕಬೇಕು. ಅವರ ಗಾಡಿ, ಊಟ, ಕುಡಿತ, ವಸತಿ ಎಲ್ಲ ಅಭ್ಯರ್ಥಿಯ ಖರ್ಚು. ಅದಕ್ಕೇ ದೊಡ್ಡ ಮನೆತನಗಳು ಮೊದಲೇ ಸಭೆ ಸೇರಿ ಕೌಂಟಿಯ ಎರಡು ಸ್ಥಾನಗಳಿಗೆ ಇಬ್ಬರ ಹೆಸರು ಒಪ್ಪಿಕೊಂಡುಬಿಡುತ್ತಿದ್ದವು. 1742ರ ನಂತರ 1807ರವರೆಗೆ ಯಾರ್ಕ್‌ಶೈರಿನಲ್ಲಿ ಮತದಾನವೇ ನಡೆಯಲಿಲ್ಲ! ಹೆಂಡ ಹಂಚಿ ಗೆಲ್ಲುವ ನಿಮ್ಮ ದೃಶ್ಯ ಬೇಕೇ ಬೇಕು ಅನ್ನಿಸಿದರೆ 1754ರ ಆಕ್ಸ್‌ಫರ್ಡ್‌ಶೈರ್ ನೋಡಿ. ನಲವತ್ತಕ್ಕೂ ಹೆಚ್ಚು ವರ್ಷ ಸುಮ್ಮನಿದ್ದ ಕೌಂಟಿ ಅದು. ಎರಡೂ ಕಡೆಯವರು ಹಣವನ್ನು ನೀರಿನಂತೆ ಚೆಲ್ಲಿದರು. ಕೊನೆಗೆ ಚುನಾವಣೆ ನಡೆಸುವ ಅಧಿಕಾರಿಯಾದ ಶೆರಿಫ್ ನಾಲ್ವರು ಅಭ್ಯರ್ಥಿಗಳನ್ನೂ ಗೆದ್ದರೆಂದು ಬರೆದು ಕಳಿಸಿದ. ತೀರ್ಮಾನ ಕಾಮನ್ಸ್ ಸಭೆಗೆ ಹೋಯಿತು, ಬಹುಮತವಿದ್ದ ವಿಗ್‌ಗಳು ತಮ್ಮವರನ್ನೇ ಆರಿಸಿದರು. ಹೋಗಾರ್ತ್ ಎಂಬ ಕಲಾವಿದ ಈ ಚುನಾವಣೆಯನ್ನು ನೆನಪಿಟ್ಟುಕೊಂಡು ನಾಲ್ಕು ಚಿತ್ರ ಬರೆದಿದ್ದಾನೆ. ಅವು ಲಂಡನ್ನಿನ ಸೋನ್ ಮ್ಯೂಸಿಯಂನಲ್ಲಿವೆ, ಇಂಟರ್‌ನೆಟ್ಟಿನಲ್ಲೂ ಸಿಗುತ್ತವೆ. ಒಂದೊಂದನ್ನೂ ನಿಧಾನವಾಗಿ ನೋಡಿ.

ಹಾಗೇ ಮತಪೆಟ್ಟಿಗೆ ತೆಗೆಯಿರಿ. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ, ಆಮೇಲೆ ಅದು ಪುಸ್ತಕವಾಗಿ ಅಚ್ಚಾಗುವುದೂ ಉಂಟು. ಒಡೆಯನಿಗೆ ವಿರುದ್ಧ ಮತ ಹಾಕಿದವನ ಹೆಸರು ಊರಿಗೆಲ್ಲ ಗೊತ್ತು. ಬೆದರಿಸುವ ಅಗತ್ಯವೇ ಬರುವುದಿಲ್ಲ.

ಎರಡನೆಯ ದಾರಿ, ಸ್ಥಾನ ಕೊಳ್ಳುವುದು. ಹಣ ಕೊಟ್ಟು ಮತ ಪಡೆಯುವುದಕ್ಕೆ 1729ರ ಕಾನೂನಿನಲ್ಲಿ 500 ಪೌಂಡ್ ದಂಡವಿತ್ತು. ಆದರೂ ಬರೋಗಳು ಮಾರಾಟವಾಗುತ್ತಿದ್ದವು. ಓಲ್ಡ್ ಸಾರಮ್‌ನಲ್ಲಿ ಜನವಸತಿಯೇ ಇರಲಿಲ್ಲ, ಆದರೆ ಇಬ್ಬರು ಸದಸ್ಯರು. ಕಾರ್ನ್‌ವಾಲ್ ಒಂದರಿಂದಲೇ 44 ಜನ. 1767ರಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ತನ್ನ ಮಗನಿಗೊಂದು ಸ್ಥಾನ ಕೊಳ್ಳಲು 2,500 ಪೌಂಡ್ ಹಿಡಿದು ಹೋದ. ದಲ್ಲಾಳಿ ನಕ್ಕುಬಿಟ್ಟ. ಭಾರತದಿಂದ, ವೆಸ್ಟ್ ಇಂಡೀಸ್‌ನಿಂದ ಹಣ ತಂದವರು ಒಂದೊಂದಕ್ಕೆ 3,000ದಿಂದ 5,000ದವರೆಗೆ ಕೊಟ್ಟು ಎಲ್ಲ ಹಿಡಿದುಬಿಟ್ಟಿದ್ದರು. ಇದರಲ್ಲಿ ಅತಿ ಅಗ್ಗದ ಸ್ಥಾನಕ್ಕೂ ನಿಮ್ಮ ನಾಯಕನ ಎರಡು ವರ್ಷದ ಪೂರ್ತಿ ಆದಾಯ ಬೇಕು. ಅವನು ಭೂಮಿ ಮಾರುವ ಹಾಗೂ ಇಲ್ಲ. ಇಂಥ ಮನೆತನಗಳ ಆಸ್ತಿ ಸಾಮಾನ್ಯವಾಗಿ ಪತ್ರದಲ್ಲಿ ಕಟ್ಟಿಹಾಕಿರುತ್ತಿತ್ತು. ಬದುಕಿರುವವರೆಗೆ ಅನುಭವಿಸಬಹುದು, ಹಿರಿಯ ಮಗನಿಗೆ ದಾಟಿಸಬೇಕು. ಕಿರಿಯ ಮಕ್ಕಳ ಪಾಲಿಗೆ, ಹೆಣ್ಣುಮಕ್ಕಳ ಮದುವೆಗೆ ಅದರ ಮೇಲೆ ಸಾಲ. ನಿಮ್ಮ ಬಂದಿ ತರುಣನನ್ನು ಎರಡನೆಯ ಮಗನನ್ನಾಗಿ ಮಾಡಿ. ಅವನು ಕಂಪನಿ ಸೈನ್ಯಕ್ಕೆ ಬಂದದ್ದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಆ ಕೆಲಸಕ್ಕೂ ಕಂಪನಿಯ ನಿರ್ದೇಶಕರೊಬ್ಬರ ಶಿಫಾರಸು ಬೇಕಿತ್ತು.

ಇಲ್ಲಿ ಇನ್ನೊಂದು ಎಳೆ ಇದೆ. 1780ರಲ್ಲಿ ಕ್ರಿಕ್‌ಲೇಡ್ ಬರೋದಿಂದ ಸಂಸತ್ತಿಗೆ ಬಂದ ಪಾಲ್ ಬೆನ್‌ಫೀಲ್ಡ್ ಹಣ ಮಾಡಿದ್ದು ಆರ್ಕಾಟಿನ ನವಾಬನಿಗೆ ಸಾಲ ಕೊಟ್ಟು. ಅದೇ ನವಾಬನ ಸೀಮೆಗೆ ಹೈದರಾಲಿ ನುಗ್ಗಿದ್ದು ಅದೇ ವರ್ಷ. ಮಗ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕುವ ಹೊತ್ತಿಗೇ, ಆ ಸೀಮೆಯಿಂದ ಹಿಂಡಿದ ಹಣ ಅಪ್ಪನ ಪಕ್ಕದ ಬೆಂಚಿನಲ್ಲಿ ಬಂದು ಕೂರುತ್ತದೆ. ಸುದ್ದಿ ಹಡಗಿನಲ್ಲಿ ಬರಲು ಅರ್ಧ ವರ್ಷಕ್ಕೂ ಜಾಸ್ತಿ ಬೇಕಾಗಿದ್ದ ಕಾಲ. ಮಗನ ಗತಿ ತಿಳಿಯದೆ ಅಪ್ಪ ಬೆನ್‌ಫೀಲ್ಡ್ ಜೊತೆ ಔತಣದಲ್ಲಿ ಕೂತಿರಬಹುದು.

ಮೂರನೆಯ ದಾರಿಯೇ ನಿಮ್ಮವನಿಗೆ ಸರಿ. ದೊಡ್ಡ ಶ್ರೀಮಂತನೊಬ್ಬನ ಕೈಯಲ್ಲಿರುವ ಬರೋ. ಯಾರ್ಕ್‌ಶೈರಿನಲ್ಲಿ ಮಾಲ್ಟನ್ ರಾಕಿಂಗ್‌ಹ್ಯಾಮ್ ಪ್ರಭುವಿನದು, ಬರೋಬ್ರಿಜ್ ಮತ್ತು ಆಲ್ಡ್‌ಬರೋ ನ್ಯೂಕಾಸಲ್ ಡ್ಯೂಕ್‌ನದು. ಪ್ರಭು ಒಂದು ಮಾತು ಹೇಳಿದರೆ ಸ್ಥಾನ ಸಿಗುತ್ತದೆ, ಹೆಚ್ಚು ಖರ್ಚಿಲ್ಲ. ಇದನ್ನು ಆಗಿನವರು ಅವಮಾನವೆಂದು ತಿಳಿಯಲಿಲ್ಲ. ಆ ಕಾಲದ ಹೆಸರಾಂತ ಸಂಸತ್ ಪಟು ಎಡ್ಮಂಡ್ ಬರ್ಕ್ ಮಾಲ್ಟನ್‌ನಿಂದಲೇ ಬಂದ. ಮುಂದೆ ಪ್ರಧಾನಿಯಾದ ಕಿರಿಯ ಪಿಟ್ 1781ರಲ್ಲಿ ಸರ್ ಜೇಮ್ಸ್ ಲೌದರ್ ಕೊಟ್ಟ ಆ್ಯಪಲ್‌ಬಿಯಿಂದ ಬಂದ. ಅಪಾಯ ಮಾತ್ರ ದೊಡ್ಡದು. ಪ್ರಭುವಿಗೂ ನಿಮಗೂ ಅಭಿಪ್ರಾಯ ಒಡೆದರೆ ಮಾನವಂತ ಸ್ಥಾನ ಬಿಟ್ಟುಕೊಡಬೇಕು. ಪ್ರಭು ಸಾಲಗಾರನಾದರೆ ಹಣ ಕೊಡುವವನಿಗೆ ಅದನ್ನು ಮಾರುತ್ತಾನೆ. 1774ರಲ್ಲಿ ಬರ್ಕ್ ವೆಂಡೋವರ್ ಕಳೆದುಕೊಂಡದ್ದು ಹೀಗೇ. ಕಾದಂಬರಿಕಾರ್ತಿಗೆ ಈ ಇಕ್ಕಟ್ಟಿಗಿಂತ ಒಳ್ಳೆಯದು ಏನು ಬೇಕು? ಒಂದೇ ಸೂಚನೆ: ಬರೋಗೆ ಹೊಸ ಹೆಸರು ಕೊಡಿ. ನಿಜವಾದ ಬರೋಗಳಿಗೆ ಯಾರು ಯಾವಾಗ ಸದಸ್ಯರಾಗಿದ್ದರು ಎಂಬುದು ದಾಖಲೆಯಲ್ಲಿದೆ.

ಸಂಸತ್ತಿಗೆ ಹೋಗದೆಯೂ ಉಳಿಯಬಹುದು. ನ್ಯಾಯಪೀಠ, ರಸ್ತೆ, ಸೇತುವೆ, ಬಡವರ ತೆರಿಗೆ, ಹೆಂಡದಂಗಡಿ ಪರವಾನಗಿ, ಇಷ್ಟರಲ್ಲೇ ಬದುಕು ಕಳೆದವರೇ ಜಾಸ್ತಿ. ಆದರೆ ನಿಮಗೆ 1780ರ ಲಂಡನ್ ಬೇಕು. ಹಾಗಾಗಿ ಅವನನ್ನು ಕಳಿಸಿ.

ಅಲ್ಲಿ ಅವನಿಗೆ ಒಬ್ಬ ನಿಜವಾದ ಮನುಷ್ಯನ ಸಹವಾಸ ಕೊಡಿ ಎಂಬುದು ನನ್ನ ಆಸೆ: ಸರ್ ಜಾರ್ಜ್ ಸ್ಯಾವಿಲ್. 1726ರಲ್ಲಿ ಹುಟ್ಟಿದವನು, ಎಂಟನೆಯ ಬ್ಯಾರೊನೆಟ್. ಬ್ಯಾರೊನೆಟ್ ಎಂದರೆ ವಂಶಪಾರಂಪರ್ಯದ ಬಿರುದು, ಆದರೆ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕೂರುವ ಹಕ್ಕಿಲ್ಲ. ಹಾಗಾಗಿ ಕಾಮನ್ಸ್‌ನಲ್ಲೇ ಕೂರುತ್ತಿದ್ದ. 1759ರಿಂದ 1783ರವರೆಗೆ ಯಾರ್ಕ್‌ಶೈರಿನ ಸದಸ್ಯ, ಪ್ರತಿ ಸಲವೂ ಅವಿರೋಧ. 1765ರಲ್ಲಿ ಸ್ನೇಹಿತ ರಾಕಿಂಗ್‌ಹ್ಯಾಮ್ ಪ್ರಧಾನಿಯಾಗಿ ಹುದ್ದೆ ಕೊಡುತ್ತೇನೆಂದರೂ ಬೇಡವೆಂದ. ಜೀವನದಲ್ಲಿ ಎಂದೂ ಹುದ್ದೆ ಹಿಡಿಯಲಿಲ್ಲ. ನನಗೆ ಇವನ ಮೇಲೆ ಗೌರವ ಇರುವುದು ಅದಕ್ಕೆ ಮಾತ್ರವಲ್ಲ. ಭೂಮಿಯ ಮೇಲಿನ ತನ್ನ ಹಕ್ಕನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೋ, ಅದೇ ಹಕ್ಕು ತನ್ನವರಲ್ಲದವರಿಗೂ ಸಿಗಲಿ ಎಂದು ಹೊಡೆದಾಡಿದ.

ಅವನ ಮೂರು ಜಗಳಗಳನ್ನು ನೋಡಿ. ಎಷ್ಟೋ ವರ್ಷದಿಂದ ಬೇರೆಯವರ ಅನುಭವದಲ್ಲಿದ್ದ ಭೂಮಿಯನ್ನೂ ರಾಜನ ಖಜಾನೆ ಯಾವಾಗ ಬೇಕಾದರೂ ತನ್ನದು ಎನ್ನಬಹುದಿತ್ತು. 1767ರಲ್ಲಿ ಇದೇ ನೆಪದಲ್ಲಿ ಪೋರ್ಟ್‌ಲ್ಯಾಂಡ್ ಡ್ಯೂಕ್ ಅನುಭವಿಸುತ್ತಿದ್ದ ಕಂಬರ್‌ಲ್ಯಾಂಡಿನ ನೆಲವನ್ನು ಲೌದರ್‌ಗೆ ಕೊಟ್ಟರು. 60 ವರ್ಷ ಅನುಭವದಲ್ಲಿದ್ದ ಭೂಮಿಯನ್ನು ರಾಜನೂ ಕೇಳುವಂತಿಲ್ಲ ಎಂಬ ಕಾನೂನನ್ನು 1769ರಲ್ಲಿ ಸ್ಯಾವಿಲ್ ಮಾಡಿಸಿದ. ಅದೇ ವರ್ಷ ಮಿಡ್ಲ್‌ಸೆಕ್ಸ್ ಮತದಾರರು, ಸಭೆ ಹೊರಹಾಕಿದ್ದ ಜಾನ್ ವಿಲ್ಕ್ಸ್‌ಗೆ 1,143 ಮತ ಕೊಟ್ಟಿದ್ದರೂ, 296 ಮತ ಪಡೆದ ಲಟ್ರೆಲ್‌ನನ್ನು ಸಭೆ ಸದಸ್ಯನೆಂದು ಕೂರಿಸಿಕೊಂಡಿತು. ಸಭೆ ಜನರ ಹಕ್ಕಿಗೆ ದ್ರೋಹ ಮಾಡಿದೆ ಎಂದು 1770ರಲ್ಲಿ ಸಭೆಯಲ್ಲೇ ಎದ್ದು ನಿಂತು ಹೇಳಿದವನು ಇವನು.

ಮೂರನೆಯದು ಕ್ಯಾಥೊಲಿಕರದು. ಹಳೆಯ ಕಾನೂನಿನ ಪ್ರಕಾರ ಕ್ಯಾಥೊಲಿಕನೊಬ್ಬನ ಪಿತ್ರಾರ್ಜಿತ ಭೂಮಿಯನ್ನು ಪ್ರಾಟೆಸ್ಟಂಟ್ ದಾಯಾದಿ ಕಿತ್ತುಕೊಳ್ಳಬಹುದಿತ್ತು. ಪಾದ್ರಿಗೆ ಜೀವಾವಧಿ ಸೆರೆ. 1778ರಲ್ಲಿ ಇದನ್ನು ತೆಗೆಸುವ ಮಸೂದೆ ತಂದವನು ಪ್ರಾಟೆಸ್ಟಂಟ್ ಸ್ಯಾವಿಲ್. ಅದಕ್ಕೆ ಅವನು ತೆತ್ತ ಬೆಲೆ 1780ರ ಜೂನ್‌ನಲ್ಲಿ ಬಂತು. ಲಾರ್ಡ್ ಜಾರ್ಜ್ ಗಾರ್ಡನ್ ಕಟ್ಟಿದ ಗುಂಪು ಲಂಡನ್ನಿನಲ್ಲಿ ದೊಂಬಿ ಎಬ್ಬಿಸಿತು. ಲೆಸ್ಟರ್ ಫೀಲ್ಡ್ಸ್‌ನಲ್ಲಿದ್ದ ಸ್ಯಾವಿಲ್ ಮನೆಗೆ ನುಗ್ಗಿ ಸಾಮಾನು ಸುಟ್ಟರು. ಮರುದಿನ ನ್ಯೂಗೇಟ್ ಜೈಲಿಗೆ ಬೆಂಕಿ. ಸೈನ್ಯ ಬಂದು ಗುಂಡು ಹಾರಿಸುವ ಹೊತ್ತಿಗೆ ಸತ್ತವರು ಸುಮಾರು ಮುನ್ನೂರು.

ಇದಕ್ಕೆ ಎರಡೇ ತಿಂಗಳ ಹಿಂದೆ ಈ ಜಮೀನುದಾರರದು ಗೆಲುವಿನ ದಿನ. ಅಮೆರಿಕದ ಯುದ್ಧ, ಏರಿದ ತೆರಿಗೆ, ಕೆಲಸವಿಲ್ಲದೆ ಸಂಬಳ ತಿನ್ನುವ ಆಸ್ಥಾನದ ಹುದ್ದೆಗಳು, ಎಲ್ಲಕ್ಕೂ ರೋಸಿ 1779ರ ಡಿಸೆಂಬರ್ 30ರಂದು ಯಾರ್ಕ್‌ನಲ್ಲಿ ಸಭೆ ಸೇರಿದರು. ಮುಂದಾಳು ಕ್ರಿಸ್ಟಫರ್ ವೈವಿಲ್ ಎಂಬ ಪಾದ್ರಿ, ಅವನೂ ಜಮೀನುದಾರನೇ. ಸಾವಿರಾರು ಸಹಿಗಳ ಮನವಿಯನ್ನು ಫೆಬ್ರವರಿ 8ರಂದು ಸ್ಯಾವಿಲ್ ಸಂಸತ್ತಿನಲ್ಲಿ ಇಟ್ಟ. ಏಪ್ರಿಲ್ 6ರಂದು ಡನಿಂಗ್ ಎಂಬ ಸದಸ್ಯ ಒಂದು ನಿರ್ಣಯ ಮಂಡಿಸಿದ: ರಾಜಸತ್ತೆಯ ಪ್ರಭಾವ ಹೆಚ್ಚಿದೆ, ಹೆಚ್ಚುತ್ತಿದೆ, ಅದು ಕಡಿಮೆಯಾಗಬೇಕು. 233ಕ್ಕೆ 215 ಮತಗಳಿಂದ ಅದು ಗೆದ್ದಿತು. ನಿಮ್ಮ ನಾಯಕ ಆ 233ರಲ್ಲಿ ಇರಬೇಕೋ 215ರಲ್ಲಿ ಇರಬೇಕೋ, ಮೊದಲು ಅದನ್ನು ತೀರ್ಮಾನಿಸಿ. ರಾಕಿಂಗ್‌ಹ್ಯಾಮ್ ಕೊಟ್ಟ ಸ್ಥಾನದಲ್ಲಿದ್ದರೆ ಮೊದಲನೆಯದು ಸುಲಭ. ಆದರೆ ಮಗನಿಗೆ ಕಂಪನಿ ನಿರ್ದೇಶಕರೊಬ್ಬರಿಂದ ಬಡ್ತಿ ಬೇಕಾಗಿದ್ದು, ಆ ನಿರ್ದೇಶಕ ಸರ್ಕಾರದ ಕಡೆಯವನಾಗಿದ್ದರೆ? ನಿಮ್ಮ ಎರಡು ಅರ್ಧಗಳು ಕೂಡುವುದು ಅಲ್ಲಿ.

ಹೀಗೆ ಬದಲಿಸಿದರೆ ಮನೆ, ಗೇಣಿ, ಬೇಟೆ, ಮಕ್ಕಳ ಅಧ್ಯಾಯಗಳೆಲ್ಲ ಉಳಿಯುತ್ತವೆ. ಮಹಲು ಕಟ್ಟಿಸುವುದೂ ಉಳಿಯಲಿ, ದುಡ್ಡಿನ ಮೂಲ ಮಾತ್ರ ಬದಲಿಸಿ. ನೆಲದಡಿಯ ಕಲ್ಲಿದ್ದಲು ಒಳ್ಳೆಯ ಮೂಲ. ವಾರಿಕ್‌ಶೈರಿನ ಸರ್ ರಾಜರ್ ನ್ಯೂಡಿಗೇಟ್ ತನ್ನ ಆರ್ಬರಿ ಎಸ್ಟೇಟಿನಲ್ಲಿ ಕಲ್ಲಿದ್ದಲು ತೆಗೆದ, ಸಾಗಿಸಲು ಕಾಲುವೆ ತೋಡಿಸಿದ, ಹಳೆಯ ಮನೆಯನ್ನು ಗಾಥಿಕ್ ಶೈಲಿಗೆ ತಿರುಗಿಸಲು ದಶಕಗಟ್ಟಲೆ ಕೆಲಸ ಮಾಡಿಸಿದ. 1751ರಿಂದ 1780ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪರವಾಗಿ ಸಂಸತ್ ಸದಸ್ಯನೂ ಆಗಿದ್ದ.

ಕೊನೆಗೆ ಹೆಂಡತಿಯ ಪ್ರಶ್ನೆ. ಖಂಡಿತ ಕೆಲಸ ಕೊಡಿ. ಮತ ಇರಲಿಲ್ಲ ನಿಜ. ಆದರೆ ಮನೆ ಮನೆಗೆ ಹೋಗಿ ಮತ ಕೇಳುವುದು, ಯಾರ ಮಗಳ ಮದುವೆ ಯಾರ ಜೊತೆ, ಯಾವ ಅಂಗಡಿಯವನಿಗೆ ಯಾರ ಬಾಕಿ ಎಂಬ ಲೆಕ್ಕ ಇಡುವುದು, ಔತಣದಲ್ಲಿ ಮುನಿಸು ತೀರಿಸುವುದು, ಇದೆಲ್ಲ ಮಹಿಳೆಯರು ಮಾಡುತ್ತಿದ್ದರು. 1754ರ ಆಕ್ಸ್‌ಫರ್ಡ್‌ಶೈರಿನಲ್ಲಿ ಲೇಡಿ ಸೂಸನ್ ಕೆಕ್ ವಿಗ್‌ಗಳ ಪರವಾಗಿ ಊರೂರು ಸುತ್ತಿದಳು. 1784ರ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಡೆವನ್‌ಶೈರಿನ ಡಚೆಸ್ ಜಾರ್ಜಿಯಾನಾ ವಿಗ್ ನಾಯಕ ಫಾಕ್ಸ್‌ಗಾಗಿ ಬೀದಿಗೆ ಇಳಿದಾಗ ವ್ಯಂಗ್ಯಚಿತ್ರಕಾರರು ಅವಳನ್ನು ಬಿಡದೆ ಕಾಡಿದರು. ಗಂಡ ಲಂಡನ್ನಿನಲ್ಲಿರುವ ತಿಂಗಳುಗಳಲ್ಲಿ ಎಸ್ಟೇಟಿನ ಲೆಕ್ಕಪತ್ರ ನಿಮ್ಮ ಯಜಮಾನಿಯ ಮೇಜಿಗೇ ಬರಲಿ. ಮದರಾಸಿನಿಂದ ಬರುವ ಕಾಗದವನ್ನು ಮೊದಲು ಒಡೆಯುವವಳೂ ಅವಳೇ ಆಗಲಿ.